ಅತ್ತಿಗೆಯ ಕೈಗುಣ

ಆ ಪಾರ್ಲರಿನಲ್ಲಿ ಏನು ಒಳ್ಳೆಯದಾದರೂ ಅದು ಅತ್ತಿಗೆಯ ಕೈಗುಣ. ಗಿರಾಕಿಯ ಕೂದಲು ಹೊಳೆದರೆ ಅತ್ತಿಗೆಯ ಕೈಗುಣ, ಮುಖದ ಕಲೆ ಮಾಸಿದರೆ ಅತ್ತಿಗೆಯ ಕೈಗುಣ. ಎದುರಿನ ಔಷಧಿ ಅಂಗಡಿಯವನಿಗೆ ಕೊನೆಗೂ ಹೆಣ್ಣು ಸಿಕ್ಕಿದ್ದು ಕೂಡ, ಹುಡುಗಿ ಹುಬ್ಬು ತಿದ್ದಿಸಿಕೊಂಡದ್ದು ಇಲ್ಲೇ ಆದ್ದರಿಂದ, ಅತ್ತಿಗೆಯ ಕೈಗುಣವೇ. ಉಗುರು ಮುಕ್ಕಾದರೆ ಮಾತ್ರ ಅದು ಉಗುರಿನವಳ ಕೈಗುಣ.

ಉಗುರಿನವಳು ಅಂದರೆ ಅತ್ತಿಗೆಯ ತಮ್ಮನ ಹೆಂಡತಿ. ಮನೆಯಲ್ಲಿ ಅವಳಿಗೊಂದು ಹೆಸರಿತ್ತು. ಪಾರ್ಲರಿನಲ್ಲಿ ಕೂದಲಿನವಳು, ಉಗುರಿನವಳು ಎಂದೇ ರೂಢಿ, ಒಬ್ಬೊಬ್ಬರು ಗಿರಾಕಿಯ ಮೈಯ ಒಂದೊಂದು ಭಾಗವನ್ನು ಗುತ್ತಿಗೆ ಹಿಡಿದ ಹಾಗೆ. ಕಿಟಕಿಯ ಪಕ್ಕದ ಪುಟ್ಟ ಮೇಜು ಅವಳದು. ಮೇಜಿನ ಮೇಲೆ ಉಗುರಿಗೆ ಬಣ್ಣದಂತೆ ಹಚ್ಚುವ ಜೆಲ್ಲಿನ ಶೀಶೆಗಳು, ಅರಗಳು, ಕೈ ತೂರಿಸಿ ಜೆಲ್ ಗಟ್ಟಿ ಮಾಡುವ ಲ್ಯಾಂಪು. ಮನೆಯಲ್ಲಿ ಸಾರಿಗೆ ಎಷ್ಟು ಉಪ್ಪು ಎಂಬುದನ್ನೂ ಅವಳು ಇನ್ನೊಬ್ಬರನ್ನು ಕೇಳಿಯೇ ಹಾಕಬೇಕು. ಇಲ್ಲಿ ಹಾಗಲ್ಲ. ಯಾರದೋ ಎರಡು ಕೈ ಅವಳ ಮುಂದೆ ಬಂದು ತೆಪ್ಪಗೆ ಮಲಗುತ್ತಿದ್ದವು. ಅವುಗಳಿಗೆ ಏನಾಗಬೇಕು ಎಂದು ಹೇಳುವವಳು ಅವಳೊಬ್ಬಳೇ.

ಆ ಮೇಜಿಗೇ ಈಗ ಸಂಚಕಾರ ಬಂದಿತ್ತು.

"ನೋಡು, ಈ ವಾರ ಮತ್ತೆ ಇಬ್ಬರು ವಾಪಸ್ ಬಂದ್ರು," ಎಂದರು ಅತ್ತಿಗೆ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತ. "ಉಗುರು ಅಂತ ಹಾಕಿಸ್ಕೊಂಡು ಹೋಗ್ತಾರೆ, ಹಪ್ಪಳ ಹಾಕಿಸ್ಕೊಂಡ ಹಾಗೆ ಮುರ್ಕೊಂಡು ಬರ್ತಾರೆ. ನಿನ್ನ ಕೈಗುಣವೇ ಸರಿಯಿಲ್ಲ ಕಣೇ. ಬೇಜಾರು ಮಾಡ್ಕೋಬೇಡ, ಇದ್ದದ್ದನ್ನ ಹೇಳ್ತೀನಿ."

ಇದ್ದದ್ದನ್ನು ಹೇಳುವುದು ಅತ್ತಿಗೆಯ ಹವ್ಯಾಸ. ಬೇಜಾರು ಮಾಡಿಕೊಳ್ಳದಿರುವುದು ಉಗುರಿನವಳ ಡ್ಯೂಟಿ.

"ಭಾನುವಾರ ಹೊಸ ಬೋರ್ಡಿಗೆ ಫೋಟೋ ತೆಗೀತಾರೆ. ನನ್ನದೇ ಕೈ. ಗುರುವಾರ ನನಗೆ ಉಗುರು ಹಾಕು. ಭಾನುವಾರದ ತನಕ ಒಂದೇ ಒಂದು ಮುಕ್ಕಾದ್ರೂ ಆ ಮೇಜು ನನ್ನ ನಾದಿನಿಗೆ. ಅವಳೂ ಕೋರ್ಸು ಮುಗಿಸಿ ಬಂದು ಸುಮ್ನೆ ಕೂತಿದ್ದಾಳೆ. ನೀನು ಹಿಂದುಗಡೆ ಟವೆಲ್ಲು ನೋಡ್ಕೊಂಡ್ರಾಯ್ತು. ಟವೆಲ್ಲು ಮುಕ್ಕಾಗಲ್ಲ."

ನಾದಿನಿ ಅಲ್ಲೇ ಸೋಫಾದ ಮೇಲೆ ಕೂತಿದ್ದಳು. ಕೋರ್ಸಿನ ಸರ್ಟಿಫಿಕೇಟು ಆಗಲೇ ಫ್ರೇಮು ಹಾಕಿಸಿಕೊಂಡು ಗೋಡೆ ಏರಿತ್ತು. ಮೇಜು ಸಿಗುವುದಷ್ಟೇ ಬಾಕಿ.

ಉಗುರಿನವಳು ಮೇಜಿನ ಶೀಶೆಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡಳು. ಅವಳು ಕೆಲಸದಲ್ಲಿ ಕಳ್ಳಿಯಲ್ಲ. ಉಗುರಿನ ಹೊಳಪು ಹೋಗುವಂತೆ ಅರ ಹಾಕುತ್ತಿದ್ದಳು, ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು, ಜೆಲ್ ಅನ್ನು ತೆಳ್ಳಗೆ ಹಚ್ಚುತ್ತಿದ್ದಳು, ಚರ್ಮಕ್ಕೆ ತಾಗಿದರೆ ಕಡ್ಡಿಯಿಂದ ತೆಗೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಉಗುರಿನ ತುದಿಯ ಅಂಚಿಗೂ ಬ್ರಷ್ ಎಳೆದು ಮುಚ್ಚುತ್ತಿದ್ದಳು. ಅಂಚು ತೆರೆದೇ ಇದ್ದರೆ ನೀರು ಅಲ್ಲಿಂದ ನುಗ್ಗುತ್ತದೆ, ಜೆಲ್ ಬಿರುಕು ಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮುಕ್ಕಾದರೆ ತಪ್ಪು ಯಾರದು? ಗಿರಾಕಿಗಳದು. ಇದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆದ್ದರಿಂದ ಅವಳು ಗಿರಾಕಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲೇ ಹೆಂಗಸರ ಕೈ ಕಂಡರೂ ಅವಳ ದೃಷ್ಟಿ ಬೆರಳ ತುದಿಗೆ ಹೋಗಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಬ್ಯಾಂಕಿನ ಮೇಡಂ ಹೊಸ ಉಗುರು ಹಾಕಿಸಿಕೊಂಡು ಹೊರಟಾಗ, ದಾರ ತರುವ ನೆಪ ಹೇಳಿ ಅವರ ಬೆನ್ನು ಹತ್ತಿದಳು. ಪತ್ತೇದಾರರು ಕೊಲೆಗಾರನ ಹಿಂದೆ ಹೋಗುವುದೂ ಇಷ್ಟು ಶ್ರದ್ಧೆಯಿಂದಲ್ಲ.

ಮೇಡಂ ಪಾತ್ರೆ ಅಂಗಡಿಗೆ ಹೋದರು. ಒಂದು ಬಾಣಲೆ ಎತ್ತಿಕೊಂಡರು. ಬೆಲೆಯ ಚೀಟಿಯನ್ನು ಹೆಬ್ಬೆರಳಿನ ಉಗುರಿನಿಂದ ಪರಪರ ಕೆರೆದರು. ಕಂಬದ ಮರೆಯಲ್ಲಿ ನಿಂತಿದ್ದ ಉಗುರಿನವಳ ಜೀವವನ್ನೇ ಕೆರೆದಂತಾಯಿತು. ಮುಂದೆ ಜ್ಯೂಸಿನ ಡಬ್ಬದ ಮುಚ್ಚಳವನ್ನು ತೋರುಬೆರಳಿನ ಉಗುರಿನಿಂದ ಮೀಟಿ ತೆಗೆದರು. ಆಮೇಲೆ ಹಲ್ಲಿನ ಸಂದಿಗೂ ಅದೇ ಉಗುರು. ಒಬ್ಬ ಬಡಗಿಯ ಚೀಲದಲ್ಲಿ ಇರುವ ಅಷ್ಟೂ ಸಾಮಾನಿನ ಕೆಲಸವನ್ನು ಆ ಹೆಂಗಸು ಹತ್ತು ಬೆರಳಲ್ಲಿ ಮುಗಿಸಿಬಿಡುತ್ತಿದ್ದರು.

"ಸಿಕ್ಕಿಬಿದ್ರು!" ಎಂದಳು ವಾಪಸು ಬಂದು.

"ಯಾರು?" ಎಂದಳು ಕೂದಲಿನವಳು, ಕತ್ತರಿ ತಡೆದು.

"ಬ್ಯಾಂಕಿನ ಮೇಡಂ. ಉಗುರಲ್ಲಿ ಬಾಣಲೆ ಕೆರೀತಾರೆ."

"ಕೆರೀಲಿ ಬಿಡೆ, ಅವರ ಬಾಣಲೆ, ಅವರ ಉಗುರು. ನೀನೇನು ಪೊಲೀಸಾ?"

ಅವಳು ಪೊಲೀಸಲ್ಲದಿದ್ದರೂ ಕಾನೂನು ಮಾಡುವುದನ್ನು ಬಿಡಲಿಲ್ಲ. ಅಂದಿನಿಂದ ಪ್ರತಿ ಗಿರಾಕಿಗೂ ಉಪದೇಶ ಶುರುವಾಯಿತು. ಉಗುರಲ್ಲಿ ಡಬ್ಬ ತೆಗೀಬೇಡಿ, ಪಾತ್ರೆ ತೊಳೆಯುವಾಗ ಗ್ಲೌಸು ಹಾಕ್ಕೊಳ್ಳಿ, ಎದ್ದ ಜೆಲ್ಲನ್ನ ಕೈಯಲ್ಲಿ ಕೀಳಬೇಡಿ. ಎಲ್ಲರೂ ತಲೆಯಾಡಿಸಿದರು. ಒಬ್ಬರು ಮಾತ್ರ, "ಅಲ್ಲಮ್ಮಾ, ಕೈಯಿಂದ ಏನೂ ಮಾಡಬಾರದು ಅಂದ್ರೆ ಈ ಕೈಯನ್ನ ಇಲ್ಲೇ ಬಿಟ್ಟು ಹೋಗ್ಲಾ?" ಎಂದು ಕೇಳಿದರು. ಅದು ನಿಜವಾಗಿ ಉತ್ತಮ ಉಪಾಯ ಎಂದು ಅವಳಿಗೆ ಅನ್ನಿಸಿತು. ಹೇಳಲಿಲ್ಲ.

ಆದರೆ ಬ್ಯಾಂಕಿನ ಮೇಡಂ ಉಗುರು ಮುಕ್ಕಾಯಿತೆಂದು ವಾಪಸು ಬಂದಾಗ ನೋಡಿದರೆ, ಬಾಣಲೆ ಕೆರೆದ ಆ ಹೆಬ್ಬೆರಳು ಗಟ್ಟಿಯಾಗಿಯೇ ಇತ್ತು. ಮುಕ್ಕಾದದ್ದು ಏನೂ ಕೆಲಸ ಮಾಡದ ಉಂಗುರದ ಬೆರಳು. ಈ ಲೆಕ್ಕ ಅವಳಿಗೆ ತಾಳೆಯಾಗಲಿಲ್ಲ.

ಗುರುವಾರ ಅತ್ತಿಗೆ ಮೇಜಿನ ಮುಂದೆ ಬಂದು ಕೂತರು. ಅವಳು ಎರಡೂ ಕೈಗೆ ಅರ ಹಾಕಿದಳು, ಸ್ಪಿರಿಟ್ಟಿನಲ್ಲಿ ಒರೆಸಿದಳು, ಎಡಗೈ ಮೊದಲು ಹಿಡಿದಳು. ಒಂದೊಂದು ಉಗುರಿಗೂ ತೆಳ್ಳನೆ ಪದರ, ಒಂದೊಂದು ಅಂಚಿಗೂ ಮುಚ್ಚಿಗೆ. ಐದೂ ಉಗುರು ಲ್ಯಾಂಪಿನಿಂದ ಹೊರಬಂದಾಗ ಕನ್ನಡಿಯಂತಿದ್ದವು.

ಅಷ್ಟರಲ್ಲಿ ಯಾರೋ ಗಿರಾಕಿ ಒಳಗೆ ಬಂದರು. ಅತ್ತಿಗೆ ಎದ್ದೇಬಿಟ್ಟರು. ಬಂದವರ ಕೈಗೆ ಮೊದಲು ತಮ್ಮ ಕೈ ತಾಗಬೇಕು ಎಂಬುದು ಅವರ ನಿಯಮ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ದೊಡ್ಡ ಕ್ರೀಮಿನ ಡಬ್ಬ ಇಟ್ಟಿದ್ದರು. ಬೆಣ್ಣೆಯಂಥ ಕ್ರೀಮು, ಗುಲಾಬಿ ವಾಸನೆ. ಬಂದವರ ಅಂಗೈ ಹಿಡಿದು ಅದನ್ನು ನೀವುತ್ತ ಯೋಗಕ್ಷೇಮ ವಿಚಾರಿಸುವುದು ಸ್ವಾಗತ. ಅವರು ಉಗುರಿನ ಮೇಜಿಗೆ ಹೋಗಿ ಕೂತ ಮೇಲೂ ನಡುವೆ ಬಂದು, "ಎಲ್ಲಿ, ನೋಡೋಣ," ಎಂದು ಒಂದೊಂದು ಉಗುರನ್ನೂ ಅದೇ ಕೈಯ ಹೆಬ್ಬೆರಳಿನಿಂದ ಸವರುವುದು ತಪಾಸಣೆ. ಇದಕ್ಕೇ ಕೈಗುಣ ಎಂದು ಹೆಸರು.

ಈ ಸಲ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬರೀ ಬಲಗೈಯಲ್ಲಿ ನೀವಿ ಬಂದರು.

"ಹೂಂ, ಹಚ್ಚು."

ಅವಳು ಬಲಗೈಯ ತೋರುಬೆರಳಿಗೆ ಬ್ರಷ್ ಎಳೆದಳು. ಜೆಲ್ ಹರಡಲಿಲ್ಲ. ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ಚೆಲ್ಲಿದ ಹಾಗೆ ಮುದುಡಿಕೊಂಡು, ಅಂಚಿನಿಂದ ಹಿಂದೆ ಸರಿದು ನಿಂತಿತು.

ಅವಳ ಕೈಯೂ ನಿಂತಿತು. ಇಷ್ಟು ದಿನ ಅತ್ತಿಗೆ ಮೇಜಿನ ಹತ್ತಿರ ಬಂದಾಗಲೆಲ್ಲ ಅವಳು ನೋಡುತ್ತಿದ್ದದ್ದು ಅತ್ತಿಗೆಯ ಮುಖವನ್ನು. ಇವತ್ತು ಸಿಟ್ಟಿದೆಯೋ ಇಲ್ಲವೋ, ಹುಬ್ಬು ಎಷ್ಟು ಮೇಲೆ ಹೋಗಿದೆ, ತುಟಿ ಎಷ್ಟು ಬಿಗಿದಿದೆ. ಕೈ ಏನು ಮಾಡುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅವಳು ಬೀದಿಯುದ್ದಕ್ಕೂ ಕಳ್ಳರನ್ನು ಹುಡುಕುತ್ತಿದ್ದರೆ, ತಾನೇ ಒರೆಸಿ ಸಿದ್ಧ ಮಾಡಿದ ಉಗುರಿಗೆ ಇಲ್ಲಿ, ಮೂಗಿನ ಕೆಳಗೆ, ದಿನವೂ ಕ್ರೀಮಿನ ಅಭಿಷೇಕ ನಡೆಯುತ್ತಿತ್ತು.

"ಅತ್ತಿಗೆ, ಇನ್ನೊಂದ್ಸಲ ಒರೆಸ್ತೀನಿ. ಕ್ರೀಮು ಇದ್ರೆ ಜೆಲ್ ಹಿಡಿಯಲ್ಲ."

"ಎಷ್ಟು ಸಲ ಒರೆಸ್ತೀಯ? ಕೈ ಒಣಗಿ ಸೌದೆ ಆಗುತ್ತೆ. ಫೋಟೋದಲ್ಲಿ ಹೊಳೀಬೇಕು."

"ಅದಲ್ಲ, ಗಿರಾಕಿಗಳಿಗೂ ಇದರಿಂದಲೇ..."

ಅತ್ತಿಗೆಯ ಹುಬ್ಬು ಮೇಲೆ ಹೋಯಿತು. "ನನ್ನ ಕೈಗುಣಕ್ಕೇ ಹೆಸರಿಡ್ತೀಯಾ? ಈ ಅಂಗಡಿ ನಿಂತಿರೋದೇ ಈ ಕೈ ಮೇಲೆ. ಮಾತು ಸಾಕು, ಹಚ್ಚು."

ಅವಳು ಹಚ್ಚಿದಳು. ತನ್ನ ಮೇಜಿಗೆ ತಾನೇ ಬೆಂಕಿ ಇಡುತ್ತಿದ್ದೇನೆ ಎಂದು ಗೊತ್ತಿದ್ದೂ, ಅಂಚನ್ನು ಮಾತ್ರ ನೀಟಾಗಿ ಮುಚ್ಚಿದಳು. ಅಭ್ಯಾಸ.

ಭಾನುವಾರ ಫೋಟೋದವನು ಬಂದು ಬಿಳಿ ಬಟ್ಟೆ ಹಾಸಿದ, ದೀಪ ಹೊತ್ತಿಸಿದ. ಅತ್ತಿಗೆ ಎರಡೂ ಕೈಯನ್ನು ಮಹಾರಾಣಿಯಂತೆ ಚಾಚಿದರು.

"ಮೇಡಂ, ಬಲಗೈ ತೋರುಬೆರಳು ಸ್ವಲ್ಪ..."

"ಸ್ವಲ್ಪ ಏನು?"

"ಸಿಪ್ಪೆ ಏಳ್ತಾ ಇದೆ. ನಡುಬೆರಳೂ ಅಷ್ಟೇ. ಕಿರುಬೆರಳು ಮುಕ್ಕಾಗಿಯೇ ಹೋಗಿದೆ."

ಎಲ್ಲರೂ ಬಗ್ಗಿ ನೋಡಿದರು. ಬಲಗೈ ಹಳೆಯ ಗೋಡೆಯ ಸುಣ್ಣದಂತೆ ಏಳುತ್ತಿತ್ತು. ಎಡಗೈಯ ಐದೂ ಉಗುರು ಗುರುವಾರದ ಹೊಳಪಿನಲ್ಲೇ ಇದ್ದವು.

"ನೋಡಿದ್ಯಾ ನಿನ್ನ ಕೈಗುಣ?" ಎಂದರು ಅತ್ತಿಗೆ. "ಏಳು, ಟವೆಲ್ಲಿನ ಕಡೆ ನಡಿ."

ಉಗುರಿನವಳು ಏಳಲಿಲ್ಲ. "ಎಡಗೈಯೂ ನಾನೇ ಹಾಕಿದ್ದು ಅತ್ತಿಗೆ," ಎಂದಳು. "ಅದೇ ದಿನ, ಅದೇ ಶೀಶೆ."

"ಬಲಗೈಯಲ್ಲಿ ಕೆಲಸ ಜಾಸ್ತಿ ಮಾಡ್ತೀವಲ್ಲ, ಅದಕ್ಕೆ."

ಕೂದಲಿನವಳು ಯಾರಿಗೂ ಅಲ್ಲವೆಂಬಂತೆ, "ಗುರುವಾರದಿಂದ ನಮ್ಮ ಮೇಡಂ ನೀರಿನ ಲೋಟವನ್ನೂ ನನ್ನ ಕೈಲೇ ತರಿಸ್ಕೊಂಡಿದ್ದು," ಎಂದಳು.

"ನೀನು ಬಾಯ್ಮುಚ್ಚು."

"ಎಡಗೈಗೆ ನೀವು ಕ್ರೀಮು ಮುಟ್ಟಿಸಿರಲಿಲ್ಲ," ಎಂದಳು ಉಗುರಿನವಳು. ಧ್ವನಿ ಸಣ್ಣದಾಗಿತ್ತು, ಆದರೆ ಹೊರಗೆ ಬಂದಿತ್ತು. "ಬಲಗೈಗೆ ಮುಟ್ಟಿಸಿದ್ರಿ. ಗಿರಾಕಿಗಳಿಗೆ ಎರಡೂ ಕೈಗೆ ಮುಟ್ಟಿಸ್ತೀರ."

ಆಗ ಸೋಫಾದ ಮೇಲಿನಿಂದ ನಾದಿನಿ, ಯಾರೋ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ಹಾಗೆ, ಉತ್ಸಾಹದಿಂದ ಬಾಯಿಬಿಟ್ಟಳು: "ಹೌದು ಅತ್ತಿಗೆ, ಕೋರ್ಸಲ್ಲಿ ಮೊದಲನೇ ಪಾಠವೇ ಅದು! ಜೆಲ್ಲಿಗೆ ಮುಂಚೆ ಜಿಡ್ಡು ಮುಟ್ಟಿಸಬಾರದು, ಎಲ್ಲ ಮುಗಿದ ಮೇಲೆ ಹಚ್ಚಬೇಕು. ನಾನು ಬಂದ ದಿನವೇ ನೋಡ್ದೆ. ಇಲ್ಲಿ ಬೇರೆ ಪದ್ಧತಿ ಇರಬೇಕು ಅಂದ್ಕೊಂಡೆ."

ತನ್ನ ಪಾಲಿಗೆ ಬರಲಿದ್ದ ಮೇಜನ್ನು ತಾನೇ ಕೈಯಾರೆ ತಳ್ಳಿಬಿಟ್ಟೆ ಎಂಬುದು ಅವಳಿಗೆ ಹೊಳೆದದ್ದು ಮಾತು ಮುಗಿದ ಮೇಲೆ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅತ್ತಿಗೆ ಬಹಳ ಹೊತ್ತು ತಮ್ಮ ಎರಡು ಕೈಗಳನ್ನು ನೋಡಿದರು. ಅವು ಬೇರೆ ಬೇರೆ ಇಬ್ಬರು ಹೆಂಗಸರ ಕೈಗಳಂತಿದ್ದವು. ಕೊನೆಗೆ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ಎಡಗೈಯೇ ತೆಗಿ," ಎಂದರು ಫೋಟೋದವನಿಗೆ. "ಒಂದೇ ಕೈ ಇದ್ರೆ ಲಕ್ಷಣವಾಗಿರುತ್ತೆ. ನಾನು ಮೊದಲಿಂದ ಅದನ್ನೇ ಯೋಚನೆ ಮಾಡಿದ್ದೆ."

ಹೊಸ ಬೋರ್ಡು ಬಂತು. ಅದರಲ್ಲಿ ಒಂದೇ ಒಂದು ಎಡಗೈ, ದಾರಿಹೋಕರಿಗೆಲ್ಲ ಟಾಟಾ ಹೇಳುತ್ತಿರುವಂತೆ. ಕ್ರೀಮಿನ ಡಬ್ಬ ಹೊರಗೆ ಹೋಗುವ ಬಾಗಿಲ ಪಕ್ಕಕ್ಕೆ ಬಂತು. ಅತ್ತಿಗೆ ಈಗ ಕೆಲಸವೆಲ್ಲ ಮುಗಿದ ಮೇಲೆ ಗಿರಾಕಿಗಳ ಕೈ ನೀವುತ್ತಾರೆ. "ಕೈಗುಣ ಅನ್ನೋದನ್ನ ಹೋಗುವಾಗ ಕೊಡಬೇಕು. ಬರುವಾಗಲೇ ಕೊಟ್ರೆ ಅಂಗಡಿಯಲ್ಲೇ ಉಳಿದುಬಿಡುತ್ತೆ," ಎಂದು ವಿವರಿಸುತ್ತಾರೆ. ಉಗುರು ಮುಕ್ಕಾಗಿ ವಾಪಸು ಬರುವವರು ಈಗ ಬಾಣಲೆ ಕೆರೆಯುವವರು ಮಾತ್ರ. "ಇವಳ ಕೈಗುಣವನ್ನೂ ನಾನೇ ತಿದ್ದಿದೆ," ಎನ್ನುವುದನ್ನು ಉಗುರಿನವಳು ದಿನಕ್ಕೊಮ್ಮೆ ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಂಡು ಅಂಚು ಮುಚ್ಚುತ್ತಾಳೆ. ಮೇಜು ಉಳಿದಿದೆಯಲ್ಲ.

ನಿಜ ಹೇಳಿದ್ದಕ್ಕೆ ನಾದಿನಿಗೆ ಬಹುಮಾನ ಸಿಕ್ಕಿತು: ಟವೆಲ್ಲು.

ಒಂದು ದಿನ ಅತ್ತಿಗೆ ಹೊರಗೆ ಹೋಗಿದ್ದಾಗ ಅವಳು ಒದ್ದೆ ಟವೆಲ್ಲಿನ ರಾಶಿ ಹೊತ್ತು ಕಿಟಕಿಯ ಪಕ್ಕ ಹಾದಳು. ಮೇಜಿನ ಮೇಲೆ ಬ್ಯಾಂಕಿನ ಮೇಡಮ್ಮಿನ ಎರಡು ಕೈಗಳಿದ್ದವು. ಅವಳ ಕಣ್ಣು ಅಲ್ಲೇ ನೆಟ್ಟಿತು. ಉಗುರಿನವಳು ಅದನ್ನು ನೋಡಿದಳು. ನೋಡದ ಹಾಗೆ ಇರಲು ಪ್ರಯತ್ನಪಟ್ಟಳು. ಆಗಲಿಲ್ಲ. ಕಾಲಿನಿಂದ ಇನ್ನೊಂದು ಸ್ಟೂಲನ್ನು ಎಳೆದಳು.

"ಟವೆಲ್ಲು ಕೆಳಗಿಡು. ಮೇಡಂ ಎಡಗೈ ನೀನು ಹಾಕು."

ನಾದಿನಿಯ ಮುಖ ಅರಳಿತು. "ಬಲಗೈ?"

"ಬಲಗೈ ನನ್ನದು," ಎಂದಳು ಉಗುರಿನವಳು. "ಅಷ್ಟೊಂದು ಒಳ್ಳೆಯವಳಲ್ಲ ನಾನು."