ಉರಿಯದ ಕೈ

ಬೆಳ್ಳಟ್ಟಿಯ ಹನಮಂತವ್ವನ ಮನೆಯಲ್ಲಿ ಕೈ ಉರಿಯುವುದು ರೋಗವೇ ಆಗಿರಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿದು ಬದುಕುವವರ ಕೈ ತಂಪಾಗಿರಲು ಅದೇನು ಮಜ್ಜಿಗೆ ಗಡಿಗೆಯೇ? ಮಗಳು ರೋಜಾ ಸಣ್ಣಾಕಿ ಇದ್ದಾಗ ಅತ್ತರೆ, ಅಂಗೈಗೆ ಎಣ್ಣೆ ತಿಕ್ಕಿ, "ಎಲ್ಲಾರಿಗೂ ಉರಿತಾವ, ಸುಮ್ನಿರು" ಅನ್ನುತ್ತಿದ್ದಳು. ಅವಳಿಗೂ ಅವಳವ್ವ ಹಾಗೇ ಅಂದಿದ್ದಳು.

ರೋಜಾ ಶಾಲೆಯ ಬಿಸಿಲಲ್ಲಿ ಎಚ್ಚರ ತಪ್ಪಿ ಬಿದ್ದ ಮೇಲೆ ರಕ್ತ ಬೆಂಗಳೂರಿಗೆ ಹೋಗಿ ಬಂತು. ಫ್ಯಾಬ್ರಿ ಎಂಬ ಅಪರೂಪದ ರೋಗ, ಕೈಕಾಲು ಉರಿಸುವಂಥದ್ದು, ವಂಶದಲ್ಲಿ ಇಳಿದು ಬರುವಂಥದ್ದು. ಇವತ್ತು ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರ್ ನೂರೀನ ಹುಡುಗಿಯ ನೋವು ಅಳೆಯಬೇಕಿತ್ತು. ಆ ಅಳತೆ ನೋಡಿಯೇ ನೋವಿನ ಔಷಧ.

"ಸೊನ್ನಿ ಅಂದ್ರ ನೋವಿಲ್ಲ. ಹತ್ತು ಅಂದ್ರ ತಡ್ಕೊಳ್ಳಾಕ ಆಗೂದಿಲ್ಲ. ಈಗ ಎಷ್ಟೈತಿ ಹೇಳವಾ?"

"ಎರಡ್ರಿ," ಅಂದಳು ರೋಜಾ.

ಹನಮಂತವ್ವ ಮಗಳ ಕಡೆ ತಿರುಗಿದಳು. ಮುಂಜಾನೆ ಕಾಲಿಗೆ ಹಸಿ ಅರಿವೆ ಸುತ್ತಿಕೊಂಡು ಹೊರಳಾಡಿದಾಕಿ ಇವಳೇ. "ಖರೆ ಹೇಳ ನಮ್ಮವ್ವಾ. ಎರಡಕ್ಕ ಒಂದ ಗುಳಗಿ ಸೈತ ಕೊಡೂದಿಲ್ಲ ಅವರು."

"ಖರೇನ ಹೇಳೀನಿ. ದಿನಾ ಇರೂದರಕಿಂತಾ ಎರಡ ಹೆಚ್ಚೈತಿ."

ನೂರೀನಳ ಪೆನ್ನು ನಿಂತಿತು. "ದಿನಾ ಇರೂದು ಅಂದ್ರ?"

"ಎಲ್ಲಾರಿಗೂ ಇರತೈತಲ್ರಿ, ಅದು. ಅದನ್ನ ಸೊನ್ನಿ ಅಂತ ಹಿಡದೆ."

ಹನಮಂತವ್ವ ನಕ್ಕಳು. "ಮತ್ತೇನ್ರಿ ಬಾಯಾರ, ಅದನ್ನ ಲೆಕ್ಕಾ ಹಿಡದ್ರ ಬಾಳೇ ಮಾಡಾಕ ಆಗತೈತೇನು? ನನಗೂ ಉರಿಯಾಕತ್ತಾವ, ನಿಮಗೂ ಉರಿಯಾಕತ್ತಿರಬೇಕು."

"ಇಲ್ರಿ ಅವ್ವಾರ. ನನಗ ಉರಿಯಾಕತ್ತಿಲ್ಲ."

"ನೀವು ಮೆಣಸಿನಕಾಯಿ ಮುಟ್ಟಿರೂದಿಲ್ಲ ಬಿಡ್ರಿ."

"ಬೆಟಗೇರಿ ಮನ್ಯಾಗ ವರ್ಷಾ ಖಾರಾ ಕುಟ್ಟಾಕಿ ನಾನ ಅದೀನಿ. ಮರುದಿನಕ್ಕ ಉರಿ ಹೋಗಿರತೈತಿ. ಎಲ್ಲಾರಿಗೂ ಹೋಗತೈತಿ."

ಹನಮಂತವ್ವನ ಕಣ್ಣ ಮುಂದೆ ತನ್ನ ಜೋಡಿ ಕೂತು ತೊಟ್ಟು ಮುರಿಯುವ ಅಖ್ತರಿ ಬಂದಳು. ಮರುದಿನ ನಗುತ್ತ ಬಿಸಿ ತವೆ ಹಿಡಿಯುವ ಅಖ್ತರಿ. ಭಾಳ ಗಟ್ಟಿ ಹೆಂಗಸು ಅಂದುಕೊಂಡಿದ್ದಳು, ಅಷ್ಟೇ.

ತನಗರಿವಿಲ್ಲದೆ ಡಾಕ್ಟರ ಕೈ ಹಿಡಿದು ಮಗುಚಿ ನೋಡಿದಳು. ಪೆನ್ನಿನ ಮಸಿ ಹತ್ತಿದ, ಸಾದಾ ಕೈ. ಅದರೊಳಗೆ ಏನೂ ಇಲ್ಲವಂತೆ. ಕೂತಾಗಿಲ್ಲ, ಮಲಗಿದಾಗಿಲ್ಲ. ತುಂಬಿ ಬಂದ ತುಂಗಭದ್ರೆಯನ್ನು ನೋಡಿದಾಗಲೂ ಅವಳು ಇಷ್ಟು ಬೆರಗಾಗಿರಲಿಲ್ಲ. ರೋಜಾಳೂ ಬಗ್ಗಿ, ಒಂದು ಬೆರಳಿನಿಂದ ಆ ಅಂಗೈ ಮುಟ್ಟಿದಳು.

"ಖಾಲಿ ಐತೇನ್ರಿ ಇದು?"

"ಖಾಲಿ."

ಹುಡುಗಿ ತನ್ನ ಅಂಗೈಯನ್ನು ಅದರ ಪಕ್ಕಕ್ಕಿಟ್ಟು ನೋಡಿದಳು. "ಇದು ಸೊನ್ನಿ ಆದ್ರ, ನಂದು ಎಂಟು ಬರಕೋರಿ."

ನೂರೀನ ಎಂಟು ಬರೆದು, ಔಷಧ ಬರೆದು, ಇನ್ನೊಂದು ಹಾಳೆ ತೆಗೆದಳು. "ಇದು ತಾಯಿಂದ ಮಕ್ಕಳಿಗೂ ಬರೂ ರೋಗ ಅವ್ವಾರ. ನಿಮ್ಮ ರಕ್ತಾನೂ ನೋಡೂಣು. ಈಗ ಹೇಳ್ರಿ, ನಿಮಗೆಷ್ಟು?"

ಹನಮಂತವ್ವ ತನ್ನ ಕೈಗಳನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಅವು ಏನನ್ನುತ್ತವೆ ಎಂದು ಹುಟ್ಟಿದ ಮೇಲೆ ಮೊದಲ ಸಲ ಕೇಳಿಸಿಕೊಂಡಳು.

"ತಡೀರಿ ಬಾಯಾರ," ಅಂದಳು. "ಭಾಳ ಐತಿ. ಒಮ್ಮಿಗೇ ಎಣಸಾಕ ಬರವಲ್ದು."