ಹಯಾತ್ ಮನೆ ಬಿಟ್ಟುಕೊಟ್ಟದ್ದು

ಚೀನಾ ಯುದ್ಧ ಮುಗಿದ ಮರುವರ್ಷ, ಭದ್ರಾವತಿ ಓಲ್ಡ್ ಟೌನಿನ ಲಾರಿ ಮೆಕ್ಯಾನಿಕ್ ಹಯಾತನಿಗೆ ಹೊಟ್ಟೆಯಲ್ಲಿ ಹುಣ್ಣಾಯಿತು. ಮೊದಲು ಜೀರಿಗೆ ಕಷಾಯ ಕುಡಿದು ನೋಡಿದ. ಆಮೇಲೆ ಖಾರ ಬಿಟ್ಟ. ಕೊನೆಗೊಂದು ದಿನ ಗ್ಯಾರೇಜಿನಲ್ಲೇ ರಕ್ತ ಕಾರಿಕೊಂಡು ಶಿವಮೊಗ್ಗದ ಆಸ್ಪತ್ರೆ ಸೇರಿದ. ಆಪರೇಷನ್ ಆಗಲೇಬೇಕೆಂದರು ಡಾಕ್ಟರು. ಮೈಯಲ್ಲಿ ರಕ್ತ ಕಡಿಮೆಯಿದೆ, ಮನೆಯಲ್ಲಿ ಸ್ವಲ್ಪ ಸುಧಾರಿಸಿಕೊಂಡು ತಿಂಗಳ ಕೊನೆಗೆ ಬನ್ನಿ ಎಂದು ಕಳಿಸಿಕೊಟ್ಟರು.

ಜಾಕಿಯ ಮೇಲೆ ನಿಂತ ಲಾರಿಯ ಅಡಿಯಲ್ಲಿ ಮಲಗಿ ಹಾಡು ಗುನುಗುತ್ತಿದ್ದ ಮನುಷ್ಯ ಅವನು. ಡಾಕ್ಟರ ಕತ್ತಿಗೆ ಅಷ್ಟಾಗಿ ಹೆದರಲಿಲ್ಲ. ಅವನ ಹೆದರಿಕೆಯೆಲ್ಲ ಹಫೀಜಾಳ ಬಗ್ಗೆ.

ಹಫೀಜಾ ಅವನ ಸ್ವಂತ ಮಗಳಲ್ಲ. ಅವನ ಗೆಳೆಯನಾಗಿದ್ದ ಡ್ರೈವರ್ ಒಬ್ಬ ಘಾಟಿಯಲ್ಲಿ ಲಾರಿ ಸಮೇತ ಉರುಳಿ ಸತ್ತಾಗ, ಆಗಲೇ ತಾಯಿಯಿಲ್ಲದ ಮಗುವನ್ನು ಹಯಾತನ ಹೆಂಡತಿ ಅಖ್ತರ್ ಬೀ ಸೊಂಟಕ್ಕೇರಿಸಿಕೊಂಡು ಬಂದಿದ್ದಳು. ಅವರಿಗೆ ಬೇರೆ ಮಕ್ಕಳಿರಲಿಲ್ಲ. ಮಗು ಈಗ ಇಪ್ಪತ್ತರ ಹುಡುಗಿ. ಬೀದಿ ಕಡೆಯ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು.

ಸುದ್ದಿ ತಿಳಿದು ಹಯಾತನ ತಮ್ಮ ಜಲೀಲ್ ಮೂಸಂಬಿ ಹಿಡಿದುಕೊಂಡು ಬಂದ. ಜನ್ನಾಪುರದಲ್ಲಿ ಸೌದೆ ಡಿಪೋ ಇಟ್ಟಿದ್ದ ಅವನಿಗೆ ಮಾತೂ ಜೋರು, ಜನಬಲವೂ ಜೋರು. ಬಂದವನು ಕೂರಲಿಲ್ಲ. ಹಿತ್ತಲಿಗೆ ಹೋಗಿ ಬಾವಿ ಬಗ್ಗಿ ನೋಡಿದ. ಒಳಗೆ ಬಂದು ಕತ್ತೆತ್ತಿ ಜಂತೆಗಳನ್ನು ನೋಡಿದ.

"ಭಾಯಿ, ನೀನೇನೂ ಯೋಚ್ನೆ ಮಾಡ್ಬೇಡ. ಮೇಲೆ ಅಲ್ಲಾ ಇದಾನೆ, ಕೆಳಗೆ ನಾನಿದೀನಿ. ಹೆಚ್ಚುಕಮ್ಮಿ ಆದ್ರೆ ಭಾಭಿನ ನಮ್ಮನೇಲೇ ಇಟ್ಕೊತೀನಿ."

"ಹಫೀಜಾ?"

"ಅವಳಿಗೇನು? ಎರಡನೇ ಸಂಬಂಧದವರು ಎಷ್ಟು ಜನ ಕೇಳ್ತಾ ಇಲ್ಲ! ಒಬ್ಬನ್ನ ನೋಡಿ ಕಳಿಸಿಬಿಡೋಣ."

ಬೀದಿ ಕೋಣೆಯಲ್ಲಿ ಮೆಷಿನ್ನಿನ ಸದ್ದು ನಿಂತಿತು. ಜಲೀಲ್ ಹೋದ ಮೇಲೂ ಅದು ಬಹಳ ಹೊತ್ತು ಶುರುವಾಗಲಿಲ್ಲ.

ಮರುದಿನ ಹಯಾತ್ ಆಸ್ಪತ್ರೆಗೆಂದು ಸುಳ್ಳು ಹೇಳಿ ಶಿವಮೊಗ್ಗದ ಬಸ್ಸು ಹತ್ತಿದ. ದುರ್ಗಿಗುಡಿಯಲ್ಲಿ ವಕೀಲ ವೆಂಕಟಾಚಲ ಅವರ ಮನೆಯಿತ್ತು. ಅವರ ಹಳೇ ಕಾರನ್ನು ರಿಪೇರಿ ಮಾಡಿಕೊಟ್ಟ ಪರಿಚಯ.

"ವಿಲ್ ಬರೀಬೇಕು ಸ್ವಾಮಿ. ಮನೆ ಪೂರ್ತಿ ಮಗಳಿಗೆ."

ವಕೀಲರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದಿಟ್ಟರು. "ಹಯಾತ್ ಸಾಹೇಬ್ರೇ, ನಿಮ್ಮ ಕಾನೂನಲ್ಲಿ ಸಾಕುಮಗಳಿಗೆ ಪಾಲಿಲ್ಲ. ವಿಲ್ ಬರೆದ್ರೂ ಆಸ್ತೀಲಿ ಮೂರನೇ ಒಂದು ಭಾಗ ಮಾತ್ರ ಅವಳಿಗೆ ಹೋಗುತ್ತೆ. ಮಿಕ್ಕಿದ್ರಲ್ಲಿ ನಿಮ್ಮ ಹೆಂಡತಿಗೆ ಕಾಲು, ಉಳಿದದ್ದೆಲ್ಲ ತಮ್ಮನಿಗೆ."

ಜಲೀಲನ ಸೌದೆಗಾಡಿ ತನ್ನ ಹಿತ್ತಲಲ್ಲಿ ನಿಂತಂತೆ ಹಯಾತನಿಗೆ ಕಂಡಿತು.

"ಬೇರೆ ದಾರಿ ಇಲ್ವಾ?"

"ಇದೆ. ಬದುಕಿರುವಾಗ್ಲೇ ಕೊಟ್ಟುಬಿಡೋದು. ಹಿಬಾ ಅಂತೀರಲ್ಲ, ಅದು. ಆದ್ರೆ ಬಾಯಲ್ಲಿ ಕೊಟ್ಟೆ ಅಂದ್ರೆ ಸಾಲ್ದು. ಸಾಮಾನು ತಗೊಂಡು ನೀವಿಬ್ರೂ ಮನೆಯಿಂದ ಆಚೆ ಬರ್ಬೇಕು. ಅವಳು ಒಳಗಿರ್ಬೇಕು. ನಾಲ್ಕು ಜನ ನೋಡ್ಬೇಕು. ಕೆಲವು ದಿನ ನೀವು ಆ ಮನೆ ಯಜಮಾನರ ಥರ ನಡ್ಕೊಳ್ಳೋ ಹಾಗಿಲ್ಲ."

"ಆಮೇಲೆ?"

"ಅವಳು ಕರೆದ್ರೆ ಒಳಗೆ ಹೋಗಿ. ಆದ್ರೆ ಅವಳು ಕರೀಬೇಕು."

ಹಯಾತ್ ತಲೆಯಾಡಿಸಿದ. ವಕೀಲರು ಇನ್ನೂ ಮುಗಿಸಿರಲಿಲ್ಲ. "ಇನ್ನೊಂದು ತೊಡಕಿದೆ. ಸಾಯ್ತೀನಿ ಅನ್ನೋ ಹೆದರಿಕೇಲಿ ಕೊಟ್ಟು, ಅದೇ ಕಾಯಿಲೇಲಿ ಸತ್ತುಹೋದ್ರೆ, ಆ ದಾನಾನೂ ವಿಲ್ ಅಂತಲೇ ಲೆಕ್ಕ. ಮತ್ತೆ ಅದೇ ಮೂರನೇ ಒಂದು ಭಾಗ. ನಾಳೆ ಕೋರ್ಟಲ್ಲಿ ನನ್ನ ಕೇಳ್ತಾರೆ. ಹೇಳಿ, ನಿಮಗೆ ಸಾವಿನ ಹೆದರಿಕೆ ಇದೆಯಾ?"

"ಇಲ್ಲ ಸ್ವಾಮಿ," ಎಂದ ಹಯಾತ್. ಹೇಳುವಾಗ ಅವನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ವಕೀಲರು ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದರು.

"ಆಪರೇಷನ್ ಮುಗಿಸಿಕೊಂಡು ಬದುಕಿ ಬಂದುಬಿಡಿ," ಎಂದರು ಮೆತ್ತಗೆ. "ಆಗ ಯಾರೂ ಏನೂ ಮಾಡಕ್ಕಾಗಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಹಯಾತನಿಗೆ ಇದುವರೆಗೆ ಇಲ್ಲದ ಭಯ ಹಿಡಿಯಿತು. ಇಷ್ಟು ದಿನ ಸತ್ತರೆ ಸತ್ತೆ ಎನ್ನುವ ಒಂದು ಸ್ವಾತಂತ್ರ್ಯವಾದರೂ ಇತ್ತು. ಈಗ ಅದೂ ಇಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅಖ್ತರ್ ಬೀ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಕೊಟ್ಟ ಮೇಲೆ ನಾನೆಲ್ಲಿ ಹೋಗ್ಲಿ? ನಾಳೆ ಅವಳಿಗೆ ಗಂಡ ಬರ್ತಾನೆ. ಅವನು ಈ ಮುದುಕಿ ಯಾಕೆ ಇಲ್ಲಿ ಅಂದ್ರೆ?"

"ನಮ್ಮ ಹಫೀಜಾ ಹಾಗೆ ಮಾಡ್ತಾಳಾ?"

"ಅವಳು ಮಾಡಲ್ಲ ರೀ. ನಾನು ಕೇಳಿದ್ದು ಗಂಡನ ವಿಷಯ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಲು ಪಾಲಾದ್ರೂ ನನ್ನದು ಅಂತ ಇರ್ಲಿ ಅನ್ನೋದು ತಪ್ಪಾ?"

ಬಾಗಿಲಲ್ಲಿ ಹಫೀಜಾ ನಿಂತಿದ್ದಳು. ನನಗೇನೂ ಬೇಡ ಎನ್ನುತ್ತಾಳೆಂದು ಇಬ್ಬರೂ ಕಾದರು.

"ನನಗೆ ಬೇಕು ಅಬ್ಬಾ," ಎಂದಳು ಅವಳು. "ಚಾಚಾ ಬಂದಾಗೆಲ್ಲ ನಾನು ಎಲ್ಲಿ ಹೋಗ್ಲಿ ಅಂತ ಯೋಚ್ನೆ ಮಾಡ್ತೀನಿ. ಯಾವ ಊರೂ ನೆನಪಾಗಲ್ಲ. ನನಗೆ ಈ ಮನೆ ಬೇಕು. ಅಮ್ಮಿ, ನಾನು ಬೇಡ ಅಂದ್ರೆ ಸುಳ್ಳಾಗುತ್ತೆ."

ಅಖ್ತರ್ ಬೀ ಅವಳನ್ನೇ ನೋಡಿದಳು. ಅಂಥ ಹೆದರಿಕೆಯನ್ನು ಅವಳು ಬಲ್ಲಳು. ಆಗಷ್ಟೇ ತಾನೂ ಅದನ್ನೇ ಆಡಿದ್ದಳು. ಎದ್ದು ಟ್ರಂಕು ಎಳೆದು, ಬಟ್ಟೆ ತುಂಬತೊಡಗಿದಳು.

ಶುಕ್ರವಾರ ನಮಾಜಿನ ನಂತರ ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಅಕ್ರಂ ಸಾಹೇಬರು, ಎದುರು ಮನೆಯ ಕಲ್ಲಪ್ಪ, ಬೀದಿಯ ಇನ್ನಷ್ಟು ಜನ ಸೇರಿದರು. ಹಯಾತ್ ಎಲ್ಲರೆದುರು ಮನೆಯನ್ನು ಹಫೀಜಾಳಿಗೆ ಕೊಟ್ಟೆನೆಂದ. ಅವಳು ತೆಗೆದುಕೊಂಡೆನೆಂದಳು. ಗಂಡಹೆಂಡತಿ ಟ್ರಂಕು, ಹಾಸಿಗೆ ಹಿಡಿದು ಬೀದಿಗಿಳಿದರು. ಹಿಂದೆ ಬಾಗಿಲು ಮುಚ್ಚಿ ಅಗುಳಿ ಬಿದ್ದಾಗ ಅಖ್ತರ್ ಬೀ ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಲ್ಲಪ್ಪ ತನ್ನ ಜಗಲಿಯ ಪಕ್ಕದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಜಲೀಲ್ ಬಂದ. ಜೊತೆಗೆ ಡಿಪೋದ ಇಬ್ಬರು ಆಳುಗಳು. ಎದುರು ಜಗಲಿಯಲ್ಲಿ ಕೂತ ಅಣ್ಣನನ್ನು ನೋಡಿಯೂ ನೋಡದವನಂತೆ ಹೋಗಿ ಬಾಗಿಲನ್ನು ಗುದ್ದಿದ.

"ಏಯ್ ಹುಡುಗಿ, ತೆಗಿ ಬಾಗಿಲು! ನಮ್ಮ ಅಣ್ಣನ್ನ ಬೀದಿಗೆ ಹಾಕಿ ಒಳಗೆ ಕೂತಿದೀಯಾ?"

ಹಯಾತ್ ಧಡಕ್ಕನೆ ಎದ್ದ. ಕಲ್ಲಪ್ಪ ಅವನ ಕೈ ಹಿಡಿದ. "ಕೂತ್ಕೊ ಮಾರಾಯ. ವಕೀಲರು ಏನಂದಿದಾರೆ? ನೀನೀಗ ಹೋಗಿ ನನ್ನ ಮನೆ ಅಂತ ಬಾಯಿ ಬಿಟ್ಟೆ ಅಂದ್ರೆ ಮಾಡಿದ್ದೆಲ್ಲ ಹಾಳು."

"ಅವಳು ಒಬ್ಬಳೇ ಇದಾಳೆ ಕಲ್ಲಪ್ಪಾ!"

"ಅವನು ಕೈ ಎತ್ತಲಿ, ಮೊದಲು ನಾನು ಹೋಗ್ತೀನಿ. ಅಲ್ಲಿವರೆಗೆ ಕೂತ್ಕೊ."

ಹಯಾತನ ಬಾಯಿಗೆ ರಕ್ತದ ರುಚಿ ಬಂತು. ಬಾಗಿಲು ಮತ್ತೆ ಮತ್ತೆ ಅದುರಿತು. ಆಮೇಲೆ ಅದು ಒಳಗಿನಿಂದ ತೆರೆಯಿತು.

ಹಫೀಜಾ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಬೆದರಿಸಲು ತಂದದ್ದಲ್ಲ, ಕೆಳಗಿಡುವುದನ್ನು ಮರೆತು ಬಂದದ್ದು.

"ಇದು ನನ್ನ ಮನೆ ಚಾಚಾ." ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನೆಂಟರ ಥರ ಬಂದಿದ್ರೆ ಚಪ್ಪಲಿ ಬಿಟ್ಟು ಒಳಗೆ ಬನ್ನಿ, ಚಹಾ ಮಾಡ್ತೀನಿ. ಬೇರೆ ಥರ ಬಂದಿದ್ರೆ ಹೋಗಿ."

ಅಷ್ಟರಲ್ಲಿ ಅಕ್ಕಪಕ್ಕದ ಬಾಗಿಲುಗಳು ತೆರೆದಿದ್ದವು. ಹೆಂಗಸರು ಹೊರಗೆ ಬಂದು ನಿಂತರು. ಅವರಲ್ಲಿ ಎಷ್ಟೋ ಜನ ಹಫೀಜಾ ಹೊಲಿದ ರವಿಕೆಯನ್ನೇ ತೊಟ್ಟಿದ್ದರು. ಜಲೀಲನ ಆಳುಗಳು ಹಿಂದೆ ಸರಿದರು. ಜಲೀಲ್ ಚಪ್ಪಲಿ ಬಿಡಲಿಲ್ಲ, ಒಳಗೂ ಹೋಗಲಿಲ್ಲ. ತಿರುಗಿ ಅಣ್ಣನ ಮುಂದೆ ಬಂದು ನಿಂತ.

"ನಾನೂ ವಕೀಲರನ್ನ ಕೇಳಿದೀನಿ ಭಾಯಿ. ನೀನು ಆಸ್ಪತ್ರೇಲಿ ಕಣ್ಣು ಮುಚ್ಚಿದ್ರೆ ಇದೆಲ್ಲ ಮಣ್ಣು. ಗೊತ್ತಲ್ಲ?"

"ಗೊತ್ತು," ಎಂದ ಹಯಾತ್. ಚಿಕ್ಕಂದಿನಲ್ಲಿ ತಾನು ಹೊತ್ತು ತಿರುಗಿದ ತಮ್ಮ ಇವನೇನಾ ಎನಿಸಿ ಕಣ್ಣು ತುಂಬಿತು.

ಆಸ್ಪತ್ರೆಗೆ ಹೊರಡುವ ಮುಂಚೆ ವಕೀಲರನ್ನು ಮತ್ತೆ ಕಂಡು ಒಂದು ವಿಲ್ಲನ್ನೂ ಬರೆದಿಟ್ಟ. ದಾನವೇ ಆಗಿಲ್ಲವೆಂದು ಕೋರ್ಟು ತಳ್ಳಿಹಾಕಿದರೂ ಮೂರನೇ ಒಂದು ಭಾಗವಾದರೂ ಅವಳಿಗೆ ಉಳಿಯಲಿ ಎಂದು. ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಮಲಗಿದವನು ಕಲಿಮಾ ಹೇಳಲು ಹೋಗಿ ತಡವರಿಸಿದ. ಸಾಯುವವರು ಹೇಳುವುದು ಅದು, ಈಗ ಬೇಡ ಎನಿಸಿತು. ಮರುಕ್ಷಣವೇ ಹಾಗೆ ಎನಿಸಿದ್ದಕ್ಕೂ ಹೆದರಿ ಪೂರ್ತಿ ಹೇಳಿದ. ಮೂಗಿನ ಮೇಲೆ ಮತ್ತು ಬರಿಸುವ ಔಷಧಿಯ ಬಟ್ಟೆ ಬಿತ್ತು.

ಅವನು ಬದುಕಿದ. ಎಚ್ಚರವಾದಾಗ ಅಖ್ತರ್ ಬೀ ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಗಾಯ ಮಾಯಲು ತಿಂಗಳು ಹಿಡಿಯಿತು. ಜಲೀಲ್ ನೋಡಲು ಬರಲಿಲ್ಲ. ಮುಂದೆ ಅವನು ಕೇಸೂ ಹಾಕಲಿಲ್ಲ, ಆ ಬೀದಿಗೆ ಕಾಲೂ ಇಡಲಿಲ್ಲ.

ಹಫೀಜಾ ಆಸ್ಪತ್ರೆಗೇ ಬಂದು, "ಅಬ್ಬಾ, ಅಮ್ಮಿ, ನಮ್ಮನೆಗೆ ಬನ್ನಿ," ಎಂದು ಕರೆದುಕೊಂಡು ಹೋದಳು. ಆದರೂ ಮೊದಮೊದಲು ಮನೆಯಲ್ಲಿ ಯಾರಿಗೂ ಸರಿಯಾಗಿ ಉಸಿರಾಡಲಾಗಲಿಲ್ಲ. ಹಯಾತ್ ಅಂಗಿ ತೂಗುಹಾಕಲು ಮೊಳೆ ಹೊಡೆಯಲೂ ಅವಳ ಮುಖ ನೋಡುತ್ತಿದ್ದ. ಅಖ್ತರ್ ಬೀ ಬೆಳಿಗ್ಗೆ ಎದ್ದು, "ಏನು ಸಾರು ಮಾಡ್ಲಿ ಬೇಟಾ?" ಎಂದು ಕೇಳುತ್ತಿದ್ದಳು. ಹುಟ್ಟಿದಾರಭ್ಯ ಅವಳು ಯಾರನ್ನೂ ಹಾಗೆ ಕೇಳಿದವಳಲ್ಲ.

ಒಂದು ಮಧ್ಯಾಹ್ನ ಹಫೀಜಾ ತಡೆಯಲಾರದೆ ಹೊಲಿಯುತ್ತಿದ್ದ ಬಟ್ಟೆಯನ್ನು ಬಿಸುಟು ಬಂದಳು.

"ನೀನು ಹೀಗೆ ಕೇಳಿದ್ರೆ ನನಗೆ ಹೆದರಿಕೆ ಆಗುತ್ತೆ ಅಮ್ಮಿ! ನಾನೇನು ಪರರ ಮನೆಯವಳಾ? ಮತ್ತೆ ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಅದೂ ಹೇಳ್ಲಿಲ್ಲ ನಾನು."

ಅಖ್ತರ್ ಬೀ ಸೌಟು ಹಿಡಿದವಳು ತಿರುಗಿ ನಿಂತಳು. "ಏನು, ನನ್ನ ಸಾರಿಗೆ ಉಪ್ಪು ಜಾಸ್ತೀನಾ? ಅಕ್ಕಿ ತೊಳೆಯಕ್ಕೆ ಬರದವಳು ನನಗೆ ಉಪ್ಪು ಹೇಳಿಕೊಡ್ತೀಯಾ ಮಾರಾಯ್ತಿ!"

"ಹೇಳ್ತೀನಿ! ದಿನಾ ಹೇಳ್ತೀನಿ!"

ಜಗಳ ಜೋರಾಯಿತು. ನಡುಮನೆಯಲ್ಲಿ ಮಲಗಿದ್ದ ಹಯಾತ್ ಸ್ವಲ್ಪ ಹೊತ್ತು ಕಿವಿಗೊಟ್ಟ. ಆಮೇಲೆ ಗಾಯವಿದ್ದ ಹೊಟ್ಟೆಗೆ ಕೈ ಆನಿಸಿಕೊಂಡು, ನಿಧಾನವಾಗಿ ಮಗ್ಗುಲು ಬದಲಿಸಿ ನಿದ್ದೆ ಹೋದ.