ಇನ್ನೂ ಸ್ವಲ್ಪ ಕಪ್ಪು

ಮದುವೆಯಾಗಿ ಐವತ್ತು ವರ್ಷ ತುಂಬಿತು ಅಂತ ಮಗ ರಾಜ್‌ಕುಮಾರ್ ಅಪ್ಪ ಅಮ್ಮನನ್ನು ಆಟೋ ಹತ್ತಿಸಿಕೊಂಡು ಹೋಗಿ, ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ. ವಾರ ಕಳೆದ ಮೇಲೆ ಕಟ್ಟು ಹಾಕಿಸಿದ ಫೋಟೋ ಉರಿಗಾಂನ ಮನೆಗೆ ಬಂತು.

ಇಂದ್ರಾಣಮ್ಮ ಸೆರಗಿನಲ್ಲಿ ಗಾಜು ಒರೆಸಿ ನೋಡಿದಳು. ಸೀರೆ ತನ್ನದೇ, ಮೂಗುತಿ ತನ್ನದೇ. ಮುಖ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಕೆನ್ನೆಯ ಮೇಲಿನ ದಪ್ಪ ಮಚ್ಚೆಯೂ ಮಾಯವಾಗಿತ್ತು.

ಊರಿನ ಚಿನ್ನದ ಗಣಿ ಮುಚ್ಚುವವರೆಗೂ ನೆಲದೊಳಗೆ ದುಡಿದಿದ್ದ ಗಂಡ ಸೆಲ್ವರಾಜ್ ಕನ್ನಡಕ ಹಾಕಿಕೊಂಡು ಬಗ್ಗಿದ.

"ಫೋಟೋದವ್ನು ನನ್ನ ಇದ್ದಂಗೇ ಬುಟ್ಟವ್ನೆ. ಪಕ್ಕದಲ್ಲಿರೋ ಈಯಮ್ಮ ಯಾರೇ? ಗಾಳೀಗೆ ಗಣಿ ಸೈನೈಡ್ ದಿಬ್ಬದ ಬಿಳೀ ಧೂಳೆಲ್ಲ ಎದ್ದು ಮಕಕ್ಕೆ ಮೆತ್ಕೊಂಡಂಗವ್ಳೆ!"

"ಸುಮ್ಕಿರ್ರೀ. ನಿಮ್ಗೆ ಒಟ್ಟೆಕಿಚ್ಚು."

ಒಳಗೊಳಗೇ ಅವಳಿಗೆ ಖುಷಿ. ಮದುವೆಯ ದಿನ ಅತ್ತೆ ಮನೆಯ ಹೆಂಗಸರು "ಹೆಣ್ಣು ಕಪ್ಪು" ಅಂತ ಅರ್ಧ ಡಬ್ಬಿ ಪೌಡರ್ ಬಳಿದಿದ್ದರು. ಬೆವರು ಇಳಿದು ಮುಖದ ತುಂಬ ಗೆರೆ ಬಿದ್ದಿತ್ತು. ಅವತ್ತು ತೆಗೆದ ಫೋಟೋವನ್ನು ಟ್ರಂಕಿನ ತಳದಲ್ಲಿ ಸೀರೆಗಳ ಅಡಿಗೆ ತುರುಕಿದವಳು ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ. ಈಗ ಸಾರಿಗೆ ಒಗ್ಗರಣೆ ಹಾಕುವುದರೊಳಗೆ ನಾಲ್ಕು ಸಲ ಬಂದು ಹೊಸ ಫೋಟೋ ನೋಡಿ ಹೋದಳು.

ಸಂಜೆ ಮೊಮ್ಮಗಳು ಶಶಿರೇಖ ಸ್ಕೂಲಿನಿಂದ ಬಂದಳು. ಎಂಟು ವರ್ಷ. ಅಜ್ಜಿಯದೇ ಬಣ್ಣ, ಅದೇ ಕೆನ್ನೆಯ ಮೇಲೆ ಅದೇ ಮಚ್ಚೆ. ಬೀದಿಯವರೆಲ್ಲ ಅವಳನ್ನು ಚಿಕ್ಕ ಇಂದ್ರಾಣಿ ಅಂತಲೇ ಕರೆಯುವುದು.

"ಇವ್ರ್ಯಾರು, ಪಾಟಿ?" ಅಂತ ಫೋಟೋ ತೋರಿಸಿ ಅಜ್ಜಿಯನ್ನು ಕೇಳಿದಳು.

"ನಾನೇ ಕಣೇ, ನಿನ್ನ ಪಾಟಿ."

ಮಗು ಫೋಟೋ ನೋಡಿತು, ಅಜ್ಜಿಯನ್ನು ನೋಡಿತು. ಕೈ ತನ್ನ ಕೆನ್ನೆಯ ಮಚ್ಚೆಗೆ ಹೋಯಿತು.

"ಅಂಗಾರೆ ನಾನು ಯಾರ ತರ ಇದೀನಿ?"

ಇಂದ್ರಾಣಮ್ಮ ಫೋಟೋವನ್ನು ಪಕ್ಕಕ್ಕೆ ಸರಿಸಿ, "ಕೈಕಾಲು ತೊಳ್ಕೋ ಓಗು" ಅಂದಳು. ಅವತ್ತು ತಟ್ಟೆ ಖಾಲಿಯಾಗುವವರೆಗೂ ಹುಡುಗಿ ಎಡಗೈಯಲ್ಲಿ ಮಚ್ಚೆ ಉಜ್ಜುತ್ತಲೇ ಇದ್ದಳು. ಆ ಫೋಟೋ ಗೋಡೆಗೆ ಏರಿದರೆ ಮಗು ದಿನಾ ಅದನ್ನೇ ನೋಡಿಕೊಂಡು ಬೆಳೆಯಬೇಕಲ್ಲ ಅನ್ನಿಸಿ ಅಜ್ಜಿ ಅದನ್ನು ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಳು.

ಭಾನುವಾರ ಫೋಟೋವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು, ಮೊಮ್ಮಗಳ ಕೈ ಹಿಡಿದು ಸ್ಟುಡಿಯೋಗೆ ಹೋದಳು. ಸ್ಟುಡಿಯೋದ ಸಾಯಿಕುಮಾರ್ ಎದ್ದು ನಿಂತ.

"ಏನಮ್ಮಾ, ಇನ್ನೂ ಸ್ವಲ್ಪ ಬೆಳ್ಳಗೆ ಮಾಡ್ಬೇಕಾ?"

"ಬ್ಯಾಡಪ್ಪ. ನನ್ನ ಬಣ್ಣ ನಂಗೆ ವಾಪಸ್ ಕೊಡು."

ಅವನು ತಲೆ ಕೆರೆದುಕೊಂಡ. "ಬಂದೋರೆಲ್ಲ ಬಿಳುಪು ಏರ್ಸು ಏರ್ಸು ಅಂತಾರೆ ಅಂತ ಕೇಳ್ದೇನೇ ಮಾಡ್ಬುಡ್ತೀನಿ. ಇಳ್ಸು ಅಂದೋರು ನೀವೇ ಮೊದ್ಲು."

"ಇವ್ಳು ಸಾಕು ಅನ್ನೋವರ್ಗೂ ಇಳ್ಸು" ಅಂತ ಇಂದ್ರಾಣಮ್ಮ ಮೊಮ್ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು.

ಸಾಯಿಕುಮಾರ್ ಒಂದಿಷ್ಟು ಇಳಿಸಿದ. ಶಶಿರೇಖ ಅಜ್ಜಿಯ ಮುಖ ನೋಡಿ, ಪರದೆ ನೋಡಿ, "ಇನ್ನೂ" ಅಂದಳು. ಮಚ್ಚೆ ವಾಪಸ್ ಬಂತು. "ಇನ್ನೂ ಸ್ವಲ್ಪ."

"ಅಮ್ಮಾ, ನನ್ ಸ್ಟುಡಿಯೋದಲ್ಲಿ ಲೈಟೇ ಇಲ್ಲ ಅಂತಾರೆ ಜನ!"

"ಅಂದೋರ್ನ ಮನೆಗೆ ಕಳ್ಸು. ಫೋಟೋ ಪಕ್ಕದಲ್ಲೇ ನಿಂತ್ಕೊಂತೀನಿ, ತಾಳೆ ನೋಡ್ಕೊಂಡು ಓಗ್ಲಿ."

ಅವನು ನಗುತ್ತ ಮತ್ತೊಂದಿಷ್ಟು ಇಳಿಸಿದ.

"ಸಾಕು, ಸಾಕು!" ಹುಡುಗಿ ಕುರ್ಚಿಯ ಮೇಲೇ ಕುಣಿದಳು. "ಈಗ ನಮ್ಮ ಪಾಟಿ!"

ಹೊಸದಾಗಿ ತೆಗೆದ ಪ್ರಿಂಟು ಗೋಡೆಗೆ ಏರಿದಾಗ ಸೆಲ್ವರಾಜ್ ಎದುರು ನಿಂತು, "ಈಗ ಬಂದ್ಲು ನೋಡು ನಮ್ಮನೇವ್ಳು" ಅಂದ. ಇಂದ್ರಾಣಮ್ಮ ಒಳಗೆ ಹೋಗಿ ಟ್ರಂಕ್ ತೆಗೆದಳು. ಐವತ್ತು ವರ್ಷದ ಹಿಂದಿನ ಫೋಟೋ ಹೊರಗೆ ಬಂತು. ಪೌಡರ್ ಗೆರೆ ನೋಡಿ ಗಂಡ, ಮಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು.

"ಪಕ್ಕದಲ್ಲಿ ಇನ್ನೊಂದು ಮೊಳೆ ಒಡಿಯೋ, ರಾಜಾ."

ಶಶಿರೇಖ ಆ ಹಳೇ ಫೋಟೋಗೆ ಮೂಗು ತಾಗಿಸಿ ಹುಡುಕಿದಳು. ಅಷ್ಟೊಂದು ಪೌಡರ್ ಅಡಿಯಿಂದಲೂ ಮಚ್ಚೆ ಇಣುಕುತ್ತಿತ್ತು.